ಒಂಬತ್ತನೇ ಕಾರ್ಡು

ಫೆಬ್ರವರಿ 9, ಭಾನುವಾರ

ಪುಟ್ಟಿ,

ಸಂಜೆ ಆರೂಕಾಲು. ಗ್ರಂಥಾಲಯಕ್ಕೆ ರಜೆ ಇದ್ದುದರಿಂದ ಬೆಳಗಿನಿಂದ, ಮರಿ ಹೋದ ಮೇಲೆ ಹಾಗೇ ಬಿಟ್ಟಿದ್ದ ಅವನ ಕೋಣೆ ಖಾಲಿ ಮಾಡಿದೆ. ನಿನ್ನ ಅತ್ತಿಗೆ ಬಾಗಿಲವರೆಗೆ ಬಂದು, "ಇವತ್ತೇ ಮಾಡ್ಬೇಕಾ? ಕೋಣೆ ಏನು ಓಡಿಹೋಗುತ್ತಾ?" ಎಂದಳು. ಹಾಗೆಂದ ಮೇಲೆ ಅವಳೇ ಬಾಯಿ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು. ಓಡು ಎನ್ನುವ ಮಾತು ಈ ಮನೆಯಲ್ಲಿ ಎಷ್ಟು ಕಡೆ ಬರುತ್ತಿತ್ತು ಎಂದು ಈಗ ಗೊತ್ತಾಗುತ್ತಿದೆ.

ಸಿಕ್ಕಿದ್ದು ಇಷ್ಟು. ನಾಲ್ಕು ಜೊತೆ ಓಟದ ಬೂಟು, ಎಲ್ಲದರದ್ದೂ ಎಡ ಹಿಮ್ಮಡಿಯೇ ಹೆಚ್ಚು ಸವೆದಿದೆ. ಗ್ರಂಥಾಲಯದ ಎರಡು ಪುಸ್ತಕ, ವಾಪಸಿನ ದಿನ ದಾಟಿದೆ. ಒಂದಕ್ಕೆ ರಟ್ಟು ಹಾಕಿದವನು ನಾನೇ. ಮಂಚದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ. ಒಳಗೆ ಕಾರ್ಡುಗಳು. ಪ್ರತಿ ಭಾನುವಾರ ನಿನಗೊಂದು ಅಂಚೆಗೆ ಹಾಕಿ ನನಗೊಂದು ನನ್ನ ಮೇಜಿನ ಮೇಲಿಡುತ್ತಿದ್ದನಲ್ಲ, 'ಈ ವಾರದ ಪಾಠ' ಎಂದು? ಅವು ಸುಮ್ಮನೆ ತೋಚಿದ್ದನ್ನು ಬರೆದವು ಎಂದುಕೊಂಡಿದ್ದೆ. ಹಾಗಲ್ಲ. ಡಬ್ಬಿಯ ತುಂಬ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಕಾರ್ಡುಗಳು. 'ಕತ್ತರಿ ಹಿಡಿದವನ ಜೊತೆ ರಾಜಕೀಯ ಮಾತಾಡಬಾರದು' ಎಂದು ಕ್ಷೌರದ ಅಂಗಡಿಯಿಂದ ಕಲಿತದ್ದನ್ನು ಬರೆಯಲು ಮೂರು ಕಾರ್ಡು ಹಾಳು ಮಾಡಿದ್ದಾನೆ. ಫುಟ್‌ಬಾಲಿನ ಗೋಲ್‌ಕೀಪರ್ ಬಗ್ಗೆ ಐದು. ಕೊನೆಗೆ ನಮಗೆ ಕಳಿಸಿದ್ದು ನೆನಪಿದೆಯಾ? 'ಗೋಲ್‌ಕೀಪರ್ ಇಡೀ ಆಟ ನಿಂತಿರುತ್ತಾನೆ, ಕಣ್ಣಿಗೆ ಬೀಳುವುದು ಚೆಂಡು ಒಳಗೆ ಹೋದಾಗ ಮಾತ್ರ.'

ನನಗೊಂದು ಯೋಚನೆ ಬಂದಿದೆ. ಇನ್ನು ಮೇಲೆ ನಾವಿಬ್ಬರೂ ಬರೆಯೋಣ. ಜನರಿಂದ, ಆಟದಿಂದ, ಪುಸ್ತಕದಿಂದ, ಸಿನಿಮಾದಿಂದ, ಹಾಡಿನಿಂದ, ಎಲ್ಲಿಂದಲಾದರೂ ಸರಿ. ಭಾನುವಾರ ಖಾಲಿ ಹೋಗುವುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ.

ಮೊದಲನೆಯದು ನನ್ನದು. ಶುಕ್ರವಾರ ಒಬ್ಬರು ಹಿರಿಯರು ಪತ್ತೇದಾರಿ ಕಾದಂಬರಿಯೊಂದನ್ನು ಮೇಜಿನ ಮೇಲೆ ಕುಕ್ಕಿ, "ಕೊನೇ ಹಾಳೆ ಇಲ್ಲ ಕಣಯ್ಯಾ! ಕೊಲೆ ಮಾಡಿದ್ಯಾರು ಅಂತ ನೀನೇ ಹೇಳು ಈಗ" ಎಂದರು. ನಾನು ಆ ಪುಸ್ತಕ ಓದಿರಲಿಲ್ಲ. ಮರಿ ಯಾವ ಪುಸ್ತಕ ತಂದರೂ ಕೊನೆಯ ಪುಟವನ್ನೇ ಮೊದಲು ಓದುತ್ತಿದ್ದ. ಯಾಕೋ ಎಂದರೆ, "ಎಷ್ಟು ಉಳಿದಿದೆ ಅಂತ ಗೊತ್ತಿದ್ರೆ ಉಸಿರು ಹಂಚ್ಕೋಬಹುದು ಅಣ್ಣ" ಎನ್ನುತ್ತಿದ್ದ.

ಪಾಠ: ಎಷ್ಟು ಉಳಿದಿದೆ ಎಂದು ತಿಳಿಯುವುದು ಓದುವವನ ಹಕ್ಕು.

ಅಣ್ಣ


ಫೆಬ್ರವರಿ 16, ಭಾನುವಾರ

ಅಣ್ಣನಿಗೆ,

ಮ್ಯಾಟಿನಿ ಮತ್ತು ಫಸ್ಟ್ ಶೋ ನಡುವೆ ಪ್ರೊಜೆಕ್ಟರ್ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ಅದು ಮ್ಯಾನೇಜರ್ ಕೋಣೆಯಲ್ಲಿದೆ. ನಾನು ಅತ್ತರೆ ಅವರು ನೀರು ತರಲು ಎದ್ದು ಓಡಾಡುತ್ತಾರೆ. ಕಾಗದದಲ್ಲಿ ಅತ್ತರೆ ಯಾರಿಗೂ ತೊಂದರೆ ಇಲ್ಲ.

ನಿನ್ನ ಯೋಚನೆಗೆ ನಾನೂ ಸೈ. ನನ್ನ ಪಾಠ ಕೇಳು. ನಮ್ಮಲ್ಲಿ ಎರಡು ಯಂತ್ರ. ಒಂದರಲ್ಲಿ ರೀಲು ಮುಗಿಯುವ ಕೆಲವು ಸೆಕೆಂಡು ಮೊದಲು ಪರದೆಯ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಅದನ್ನು ನೋಡಿ ಎರಡನೇ ಯಂತ್ರ ಹಾಕಬೇಕು. ಕೆಳಗೆ ಕೂತ ಮುನ್ನೂರು ಜನರಲ್ಲಿ ಒಬ್ಬರಿಗೂ ಚುಕ್ಕೆ ಕಾಣುವುದಿಲ್ಲ. ಮರಿ ಒಮ್ಮೆ ಇಲ್ಲಿಗೆ ಬಂದಾಗ ತೋರಿಸಿಕೊಟ್ಟೆ. ಆಮೇಲೆ ಅವನಿಗೆ ಕಥೆಯೇ ಬೇಡವಾಯಿತು. "ಅಕ್ಕಾ, ನೀನು ನನ್ನ ಸಿನಿಮಾ ನೋಡೋ ಸುಖಾನೇ ಹಾಳು ಮಾಡ್ಬಿಟ್ಟೆ. ಹೀರೋಯಿನ್ ಅಳ್ತಿದ್ರೆ ನಾನು ಮೂಲೆ ನೋಡ್ತಾ ಕೂತಿರ್ತೀನಿ" ಎಂದು ಬೈದಿದ್ದ. ಅವತ್ತಿನ ಕಾರ್ಡು ನನ್ನ ಬಳಿ ಇದೆ: 'ಸಿನಿಮಾದಲ್ಲಿ ಸಾಯುವವನಿಗೆ ಮಾತ್ರ ಪೂರ್ತಿ ಮಾತಾಡಲು ಬಿಡುತ್ತಾರೆ.'

ಅಣ್ಣ, ಒಂದು ಕೇಳಬೇಕು. ಅವತ್ತು ಬಂದಾಗ ಕೇಳಲಾಗಲಿಲ್ಲ. ನಿನ್ನ ಮುಖ ನೋಡಿದರೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮೈದಾನದಲ್ಲಿ ಕೊನೇ ಸುತ್ತಿನ ಗಂಟೆ ಹೊಡೆಯುವವನು ನೀನೇ ಅಲ್ಲವೇ? ಹತ್ತು ವರ್ಷದಿಂದ ನೀನೇ. ಇಪ್ಪತ್ತೈದು ಸುತ್ತು ಓಡುವಾಗ ಮರಿಗೆ ಎರಡು ಹಾಡು ಇದ್ದವು, ನಿನಗೂ ಗೊತ್ತು. ಇಪ್ಪತ್ತನಾಲ್ಕು ಸುತ್ತಿಗೆ ಮನಸ್ಸಿನಲ್ಲೇ ಒಂದು ನಿಧಾನದ ಹಾಡು. ಗಂಟೆ ಬಿದ್ದ ಮೇಲೆ ಕುಣಿತದ ಹಾಡು. ತುಟಿ ನೋಡಿದರೆ ಯಾವ ಹಾಡೆಂದು ಹೇಳಬಹುದಿತ್ತು. 'ಕೊನೇ ಸುತ್ತಿನಲ್ಲಿ ಬಿದ್ದ' ಎಂದು ನೀನು ಹೇಳಿದೆ. ಹಾಗಾದರೆ ಅವನಿಗೆ ಗಂಟೆ ಕೇಳಿಸಿತ್ತಾ? ಎರಡನೇ ಹಾಡು ಶುರು ಮಾಡಿದ್ದನಾ? ಇದೇನು ಹುಚ್ಚು ಪ್ರಶ್ನೆ ಎನ್ನಬೇಡ. ಮುಗಿಯುತ್ತಾ ಬಂತು ಎಂದು ಖುಷಿಯಲ್ಲಿದ್ದಾಗ ಹೋದ ಎಂದು ಗೊತ್ತಾದರೆ ನಾನು ಮಲಗಬಲ್ಲೆ.

ಪಾಠ: ಚುಕ್ಕೆ ನೋಡುವವಳಿಗೆ ಕಥೆ ದಕ್ಕುವುದಿಲ್ಲ.

ಪುಟ್ಟಿ


ಫೆಬ್ರವರಿ 20, ಗುರುವಾರ

ಪುಟ್ಟಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ನೋಟ್‌ಬುಕ್ಕಿನಲ್ಲಿ ಇಡುತ್ತೇನೆ. ಮಧ್ಯಾಹ್ನದ ಊಟದ ಹೊತ್ತು, ಬೈಂಡಿಂಗ್ ಕೋಣೆಯಲ್ಲಿ ಯಾರೂ ಇಲ್ಲ.

ಗಂಟೆ ಕೇಳಿಸಿತು. ಎರಡನೇ ಹಾಡನ್ನೂ ಶುರು ಮಾಡಿದ. ನಾನು ಅದನ್ನು ಒಂದು ಸುತ್ತು ಮೊದಲೇ ಹೊಡೆದಿದ್ದೆ.

ನನ್ನ ಕಾರ್ಡಿನ ಸ್ಟ್ಯಾಂಡು ನೀನು ನೋಡಿದ್ದೀಯ. ಇಪ್ಪತ್ತೈದು ರಟ್ಟಿನ ಕಾರ್ಡು, ಮೇಲೆ ಎರಡು ಉಂಗುರ. ಎಲ್ಲರಿಗಿಂತ ಮುಂದಿರುವವನು ಗೆರೆ ದಾಟಿದಾಗೆಲ್ಲ ಒಂದು ತಿರುಗಿಸಬೇಕು, ಎಷ್ಟು ಸುತ್ತು ಉಳಿದಿದೆ ಎಂದು ಕಾಣುತ್ತದೆ. ಒಂದು ಬಂದಾಗ ಗಂಟೆ. ಆ ವಾರ ಮರಿ ಅಭ್ಯಾಸ ಮುಗಿಸಿ ಬಂದು, "ಅಣ್ಣ, ನಿನ್ನ ಒಂಬತ್ತು ದೂರದಿಂದ ನಾಲ್ಕರ ಥರ ಕಾಣುತ್ತೆ. ಎದೆ ಝಲ್ಲಂತು, ಐದು ಸುತ್ತು ಎಲ್ಲಿ ಹೋಯ್ತು ಅಂತ" ಎಂದು ನಕ್ಕ. ಆಯ್ಕೆಯ ಓಟ ಶನಿವಾರವಿತ್ತು. ಶುಕ್ರವಾರ ಸಂಜೆ ಕರಿ ಕಾಗದದಲ್ಲಿ ಹೊಸ ಒಂಬತ್ತು ಕತ್ತರಿಸಿ ಅಂಟಿಸಿದೆ. ಅಷ್ಟು ಚೆಂದದ ಅಂಕಿ ನಾನು ಯಾವ ಪುಸ್ತಕದ ಬೆನ್ನಿಗೂ ಅಂಟಿಸಿರಲಿಲ್ಲ.

ಅಂಟಿಸಿದ ಮೇಲೆ ಮೇಣದ ಕಾಗದ ಮುಚ್ಚಿ, ತೂಕ ಹೇರಿ, ಒಂದು ಹಗಲು ಬಿಡಬೇಕು. ಈ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಮಾತು ಅದು. ಬೆಳಿಗ್ಗೆ ಮರೆತು ಹೋದೀತು ಎಂದು ನಾನು ಕಾರ್ಡನ್ನು ಆಗಲೇ ಉಂಗುರಕ್ಕೆ ಹಾಕಿ ಕಟ್ಟಿಟ್ಟೆ.

ಶನಿವಾರ ಮೈದಾನದಲ್ಲಿ ಇದ್ದವರು ನಾಲ್ವರು ಓಟಗಾರರು, ಓಟ ಕಲಿಸುವ ಸೀಟಿ ಮೇಷ್ಟ್ರು, ನಾನು. ಹತ್ತು ತಿರುಗಿಸಿದಾಗ ಅದರ ಬೆನ್ನಿಗೆ ಒಂಬತ್ತು ಅಂಟಿಕೊಂಡೇ ಹೋಯಿತು. ಎಂಟು ಬಂತು. ನಾನು ನೋಡಲಿಲ್ಲ. ನಾನು ಮರಿಯ ತುಟಿ ನೋಡುತ್ತಿದ್ದೆ. ಅಷ್ಟು ಚೆನ್ನಾಗಿ ಅವನು ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವನಂತೂ ಎಣಿಸುತ್ತಲೇ ಇರಲಿಲ್ಲ. "ಎಣಿಸೋದು ಅಣ್ಣನ ಕೆಲಸ, ಓಡೋದು ನನ್ನ ಕೆಲಸ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಮೇಷ್ಟ್ರು ಆಚೆ ಬದಿಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಗಂಟೆ ಬಿದ್ದದ್ದು ಕೇಳಿ ತಮ್ಮ ಹಾಳೆ ನೋಡಿಕೊಂಡು, ಕುಂಟು ಮೊಣಕಾಲಿನಲ್ಲಿ ಹುಲ್ಲಿನ ಮೇಲೆ ಕೂಗುತ್ತಾ ಬಂದರು. ಅಷ್ಟರಲ್ಲಿ ಮರಿ ಇದ್ದಬದ್ದ ಉಸಿರನ್ನೆಲ್ಲ ಸುರಿದು, ಗೆರೆ ದಾಟಿ, ಎರಡೂ ಕೈ ಎತ್ತಿ, ನನ್ನ ಮುಂದೆಯೇ ಹುಲ್ಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ನಕ್ಕ. ಮೇಷ್ಟ್ರು ಬಂದು, "ಇನ್ನೂ ಒಂದು ಸುತ್ತಿದೆ ಕಣೋ, ಎದ್ದೇಳು, ಟೈಮ್ ಇನ್ನೂ ಇದೆ!" ಎಂದು ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ಅವನು ನನ್ನ ಕಡೆ ತಿರುಗಿ, "ಹೌದಾ ಅಣ್ಣ?" ಎಂದ. ನಾನು ಕಾರ್ಡು ನೋಡಿದೆ. ಹತ್ತರ ಹಿಂದೆ ಒಂಬತ್ತು ಕಂಡಿತು. ಹೌದು ಎಂದು ತಲೆಯಾಡಿಸಿದೆ.

ಅವನು ಎದ್ದು ಓಡಿದ. ಆಚೆ ತಿರುವಿನಲ್ಲಿ ಬಿದ್ದ.

ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಹುಟ್ಟಿದಾಗಿನಿಂದ ಎದೆಯಲ್ಲಿ ದೋಷವಿತ್ತು, ಮೆಟ್ಟಿಲು ಹತ್ತುವಾಗಲೂ ಆಗಬಹುದಿತ್ತು, ಯಾವತ್ತಾದರೂ ಆಗಬಹುದಿತ್ತು. ಆದದ್ದು ಯಾವತ್ತೋ ಅಲ್ಲ, ಅವತ್ತು.

ಆಸ್ಪತ್ರೆಯ ಬಾಗಿಲಲ್ಲಿ ಮೇಷ್ಟ್ರು ನನ್ನ ಕೈಯಿಂದ ಕಾರ್ಡುಗಳ ಕಟ್ಟು ಕಿತ್ತುಕೊಂಡು ತಮ್ಮ ಚೀಲಕ್ಕೆ ತುರುಕಿದರು. "ಬಾಯಿ ಬಿಡ್ಬೇಡ. ಒಂದು ಮನೆಗೆ ಒಂದು ಸಾವು ಸಾಕು" ಎಂದರು. ನಾನು ಬಿಡಲಿಲ್ಲ.


ಫೆಬ್ರವರಿ 23, ಭಾನುವಾರ

ಪುಟ್ಟಿ,

ಸಂಜೆ ಐದು. ಇವತ್ತು ಬಟ್ಟೆ ಒಗೆದದ್ದು ಬಿಟ್ಟರೆ ಏನೂ ಆಗಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಗಂಟೆ ಅವನಿಗೆ ಕೇಳಿಸಿತು. ಎರಡನೇ ಹಾಡು ಶುರು ಮಾಡಿದ್ದ. ನನ್ನ ಕಡೆ ನೋಡಿ ನಕ್ಕ. ನೀನು ನೆಮ್ಮದಿಯಾಗಿ ಮಲಗು.

ಈ ವಾರದ ಪಾಠ ಹಾಡಿನದ್ದು, ನನ್ನದಲ್ಲ, ಮರಿಯದೇ. ಹಾಳಾದ ಕಾರ್ಡುಗಳಲ್ಲಿ ಸಿಕ್ಕಿತು, ನಮಗೆ ಕಳಿಸಿರಲಿಲ್ಲ: 'ಹಾಡಿನಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಮೊದಲೇ ಯಾರೋ ಕೂತು ಗೊತ್ತು ಮಾಡಿರುತ್ತಾರೆ. ಹಾಡುವವನು ಅವರನ್ನು ನಂಬುತ್ತಾನೆ.'

ಅಣ್ಣ


ಮಾರ್ಚ್ 9, ಭಾನುವಾರ

ಅಣ್ಣ,

ಎರಡು ವಾರ ಬರೆಯಲಿಲ್ಲ. ಬರೆದರೆ ಕಾಗದ ಹರಿಯುವಷ್ಟು ಸಿಟ್ಟಿತ್ತು.

ಮರಿಯ ಜೊತೆ ಓಡುತ್ತಿದ್ದ ಉದ್ದಕಾಲು ಯಾವುದೋ ಪಂದ್ಯಕ್ಕೆ ಈ ಊರಿಗೆ ಬಂದಿದ್ದ. ಸಿನಿಮಾ ಬಿಟ್ಟ ಮೇಲೆ ಮೇಲೆ ಹತ್ತಿ ಬಂದ. ನನ್ನನ್ನು ನೋಡಿ ಅಷ್ಟು ಎತ್ತರದ ಮನುಷ್ಯ ಬಾಗಿಲಲ್ಲೇ ನೆಲದ ಮೇಲೆ ಕೂತ. "ಅಕ್ಕಾ, ಅವನು ಮುಗ್ಸಿದ್ದ. ನಾನು ಹಿಂದಿನಿಂದ ನೋಡ್ತಿದ್ದೆ. ಕೈ ಎತ್ತಿ, ಹುಲ್ಲಿನ ಮೇಲೆ ಕೂತ್ಕೊಂಡಿದ್ದ. ಮೇಷ್ಟ್ರು ಕಂಕುಳಿಗೆ ಕೈಹಾಕಿ ಎಬ್ಬಿಸಿ ಇನ್ನೊಂದು ಸುತ್ತು ಓಡ್ಸಿದ್ರು" ಎಂದ.

ನೀನು ನನಗೆ ಇದನ್ನು ಹೇಳಲೇ ಇಲ್ಲ.

ಆ ಸೀಟಿ ಮೇಷ್ಟ್ರ ಬುದ್ಧಿ ನನಗೆ ಗೊತ್ತು. ಯಾರಾದರೂ ಸ್ವಲ್ಪ ಸಡಿಲ ಬಿಟ್ಟರೆ 'ಬೋನಸ್ ಸುತ್ತು' ಎಂದು ಶಿಕ್ಷೆ ಕೊಡುತ್ತಿದ್ದರು. ಮರಿ ಅದನ್ನೂ ತಮಾಷೆ ಮಾಡಿ ಕಾರ್ಡು ಬರೆದಿದ್ದ. ಮುಗಿಸಿ ಕೂತವನನ್ನು ಎಬ್ಬಿಸಿ ಓಡಿಸಿದ್ದಾರೆ ಎಂದರೆ ಅದಕ್ಕೆ ಏನು ಹೆಸರಿಡುತ್ತೀಯ? ನೀನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಅವರ ಮುಂದೆ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತು. ಚಿಕ್ಕಂದಿನಿಂದಲೂ ಹಾಗೆಯೇ, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ನಿನ್ನನ್ನು ದೂರುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವನು ನೀನು. ಇನ್ನು ಮಾತಾಡುವುದು ನನ್ನ ಪಾಲಿಗಿರಲಿ.

ಕ್ರೀಡಾ ಸಂಘಕ್ಕೆ ದೂರು ಬರೆದು ಕಳಿಸಿದ್ದೇನೆ. ಉದ್ದಕಾಲು ಸಹಿ ಹಾಕಿದ್ದಾನೆ.

ನೀನು ಬರೆದ ಆ ಸಾಲು, 'ಗಂಟೆ ಅವನಿಗೆ ಕೇಳಿಸಿತು, ನನ್ನ ಕಡೆ ನೋಡಿ ನಕ್ಕ', ಅದನ್ನು ಕತ್ತರಿಸಿ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಪ್ರತಿ ಶೋ ಮೊದಲು ಓದುತ್ತೇನೆ.

ಪಾಠ: ಸುಮ್ಮನಿರುವವರ ಪಾಲಿನ ಮಾತನ್ನೂ ಯಾರಾದರೂ ಆಡಲೇಬೇಕು.

ಪುಟ್ಟಿ


ಮಾರ್ಚ್ 13, ಗುರುವಾರ

ಪುಟ್ಟಿ,

ಬೆಳಿಗ್ಗೆ ಏಳು. ನಿನ್ನ ಪತ್ರ ನಿನ್ನೆ ಬಂತು. ದೂರು ವಾಪಸ್ ತೆಗೆದುಕೊ. ಮೇಷ್ಟ್ರು ಅಂಥವರಲ್ಲ. ಅವತ್ತಿನದು ಶಿಕ್ಷೆಯ ಸುತ್ತಲ್ಲ. ಲೆಕ್ಕದಲ್ಲಿ ಒಂದು ಸುತ್ತು ಉಳಿದಿತ್ತು, ಅದಕ್ಕೇ ಎಬ್ಬಿಸಿದರು. ಇದಕ್ಕಿಂತ ಹೆಚ್ಚು ಕಾಗದದಲ್ಲಿ ಹೇಳಲಾರೆ.

ನಿನ್ನ ಅತ್ತಿಗೆ ನಿನ್ನ ಪತ್ರ ಓದಿ, "ಅವಳು ಅಷ್ಟು ದೂರದಿಂದ ಕೂಗ್ತಿದ್ದಾಳೆ, ನೀವು ಇಲ್ಲೇ ಕೂತು ಬಾಯಿ ಬಿಡಲ್ಲ. ಬಾಯೊಳಗೇನಿದೆ, ನಿಮ್ಮ ಗೋಂದಾ?" ಎಂದಳು. ಅವಳಿಗೆ ಏನೂ ಗೊತ್ತಿಲ್ಲ. ಹಾಗೆಂದುಬಿಟ್ಟಳು, ಅಷ್ಟೆ.

ಪಾಠ ಹೊಳೆಯುತ್ತಿಲ್ಲ.

ಅಣ್ಣ


ಮಾರ್ಚ್ 20

ಅಣ್ಣನಿಗೆ,

ಲೆಕ್ಕದಲ್ಲಿ ಒಂದು ಸುತ್ತು ಉಳಿದಿತ್ತಂತೆ. ಯಾರ ಲೆಕ್ಕದಲ್ಲಿ? ಅವರ ಹಾಳೆಯ ಲೆಕ್ಕದಲ್ಲಿ ತಾನೆ? ಗಂಟೆ ಹೊಡೆದವನು ನೀನು. ನೀನು ಎಂದಾದರೂ ತಪ್ಪು ಎಣಿಸಿದ್ದೀಯಾ? ಚಿಕ್ಕವಳಿದ್ದಾಗ ನನ್ನ ಜಡೆಯ ಎಳೆಗಳನ್ನೂ ಎಣಿಸಿ ಹೆಣೆದವನು ನೀನು. ನಿನ್ನ ಎಣಿಕೆಯನ್ನು ಸುಳ್ಳು ಮಾಡಿ ತಮ್ಮದನ್ನು ಸರಿ ಮಾಡಿಕೊಂಡಿದ್ದಾರೆ. ನೀನು ಅದಕ್ಕೂ ತಲೆಯಾಡಿಸುತ್ತಿದ್ದೀಯ. ಬೇಕಾದರೆ ನಿನ್ನ ಮೇಲೇ ತಪ್ಪು ಹೊತ್ತುಕೊಳ್ಳುವವನು ನೀನು. ಆದರೆ ಈ ಸಲ ಅದು ಒಳ್ಳೆಯತನವಲ್ಲ ಅಣ್ಣ, ಮರಿಗೆ ಮಾಡುವ ದ್ರೋಹ.

ಸಂಘದವರು ಮೇಷ್ಟ್ರನ್ನು ಮೈದಾನಕ್ಕೆ ಕಾಲಿಡದಂತೆ ತಡೆದಿದ್ದಾರೆ. ಏಪ್ರಿಲ್ 7ಕ್ಕೆ ವಿಚಾರಣೆ. ನಾನು ಹಿಂದಿನ ದಿನ ಸಂಜೆ ಬಂದು ಸ್ಟೇಷನ್ ಎದುರಿನ ವಸತಿಗೃಹದಲ್ಲಿ ಇಳಿಯುತ್ತೇನೆ. ಮನೆಗೆ ಬರುವುದಿಲ್ಲ. ಅತ್ತಿಗೆಗೆ ಹೇಳು, ಬೇಜಾರು ಮಾಡಿಕೊಳ್ಳುವುದು ಬೇಡವೆಂದು.

ಈ ವಾರ ಪಾಠವಿಲ್ಲ.

ಪುಟ್ಟಿ


ಏಪ್ರಿಲ್ 6, ಭಾನುವಾರ

ಪುಟ್ಟಿ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಸೀಟಿ ಮೇಷ್ಟ್ರ ಮನೆಗೆ ಹೋಗಿ ಬಂದೆ. ಈ ಪತ್ರವನ್ನು ವಸತಿಗೃಹದ ಕೌಂಟರಿನಲ್ಲಿ ನಾನೇ ಕೊಟ್ಟು ಬರುತ್ತೇನೆ. ಜೊತೆಗೆ ಇನ್ನೊಂದು ಪತ್ರವಿದೆ, ಫೆಬ್ರವರಿ 20ರದ್ದು, ಹಾಕದೆ ಇಟ್ಟುಕೊಂಡಿದ್ದು. ಮೊದಲು ಅದನ್ನು ಓದು. ಓದಿ ಮುಗಿಸಿ, ಬೇಕೆನಿಸಿದರೆ ಇದಕ್ಕೆ ಬಾ.

ನೀನು ಬರೆದಿದ್ದೆ, 'ನೀನು ಎಂದಾದರೂ ತಪ್ಪು ಎಣಿಸಿದ್ದೀಯಾ' ಎಂದು. ಆ ಸಾಲನ್ನು ಎರಡು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೆಲಸದಲ್ಲಿ ಮೂರು ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಹಾಕಿದೆ. ಗ್ರಂಥಪಾಲಕಿ ಏನೂ ಅನ್ನಲಿಲ್ಲ, ಬಿಚ್ಚಿ ಮತ್ತೆ ಕೊಟ್ಟರು. ಯಾರೂ ನನ್ನನ್ನು ಏನೂ ಅನ್ನುತ್ತಿಲ್ಲ, ಅದೇ ತಡೆಯಲಾಗದ್ದು.

ಮೇಷ್ಟ್ರು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಾರೆ. ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕಿಟಕಿಯ ಬಳಿ ಕೂತಿದ್ದರು. ಅಲ್ಲಿಂದ ಮೈದಾನದ ಒಂದು ಮೂಲೆ ಕಾಣುತ್ತದೆ.

"ಏನಪ್ಪಾ ಪುಸ್ತಕದ ಡಾಕ್ಟ್ರೇ, ಈಗ ನೆನಪಾಯ್ತಾ ದಾರಿ?" ಎಂದರು.

"ನಾಳೆ ನಾನು ಎಲ್ಲಾ ಹೇಳ್ತೀನಿ ಮೇಷ್ಟ್ರೇ."

"ಏನ್ ಹೇಳ್ತೀಯ?"

"ಗಂಟೆ ತಪ್ಪು ಹೊಡ್ದಿದ್ದು ನಾನು ಅಂತ."

"ಹೇಳಿ ಏನಾಗ್ಬೇಕು?" ಎಂದು ಚೀಲವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿಕೊಂಡರು. "ನಿನ್ನ ತಂಗಿ ಬರ್ದಿರೋದನ್ನ ಓದಿದೀನಿ. ಒಂದಕ್ಷರ ಸುಳ್ಳಿಲ್ಲ. ಕೂತಿದ್ದವನನ್ನ ಎಬ್ಸಿದ್ದು ನಾನೇ. ಓಡು ಅಂದಿದ್ದು ನಾನೇ. ಮೂವತ್ತು ವರ್ಷ ಓಡ್ಸಿದೀನಿ ಕಣಯ್ಯಾ. ಮುಖದ ಬಣ್ಣ ನೋಡಿದ್ರೆ ಗೊತ್ತಾಗ್ಬೇಕಿತ್ತು. ನಾನು ಮುಖ ನೋಡ್ಲಿಲ್ಲ, ಗಡಿಯಾರ ನೋಡ್ತಿದ್ದೆ. ಆಯ್ಕೆ ಟೈಮಿಗೆ ಹನ್ನೆರಡು ಸೆಕೆಂಡ್ ಇನ್ನೂ ಕೈಲಿತ್ತು, ಗೊತ್ತಾ? ಹನ್ನೆರಡು ಸೆಕೆಂಡಿನ ಆಸೆ."

"ನಾನು ಕಾರ್ಡು ನೋಡ್ಲಿಲ್ಲ. ಅವನ ಮುಖ ನೋಡ್ತಿದ್ದೆ."

"ನೋಡು ಮತ್ತೆ! ನಾವಿಬ್ರೂ ಜಾಗ ಬದಲಾಯಿಸಿ ನಿಂತಿದ್ದಿದ್ರೆ ಆಗ್ತಿತ್ತು" ಎಂದು ನಕ್ಕರು. ನಗುತ್ತಲೇ ಅತ್ತರು. ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ, ಸೀಟಿ ಊದುವಾಗಿನ ಹಾಗೆ ಕೆನ್ನೆ ಉಬ್ಬಿಸಿಕೊಂಡು.

ಆಮೇಲೆ, "ನಿನಗೆ ತಂಗಿ ಒಬ್ಳು ಉಳ್ದಿದ್ದಾಳೆ. ನನಗೆ ಹೋದ್ರೆ ಒಂದು ಮೈದಾನ, ಅಷ್ಟೆ. ತಂಗೀನ ಕಳ್ಕೊಂಡು ನನ್ನ ಮೈದಾನ ಉಳಿಸ್ಬೇಡ" ಎಂದರು.

ಎರಡೂವರೆ ತಿಂಗಳು ನಾನು ಅದೇ ಲೆಕ್ಕ ಹಾಕಿಕೊಂಡು ಕೂತಿದ್ದೆ ಪುಟ್ಟಿ. ಅವರ ಬಾಯಿಂದ ಕೇಳಿದಾಗ ಅದು ಎಷ್ಟು ಹೊಲಸು ಲೆಕ್ಕ ಎಂದು ಗೊತ್ತಾಯಿತು. ನಿನ್ನನ್ನು ಉಳಿಸಿಕೊಳ್ಳಲು ಒಬ್ಬ ಮುದುಕನನ್ನು ಕೊಡುತ್ತಿದ್ದೆ. ನೀನಾದರೂ ನನಗೆ ಉಳಿಯುತ್ತಿದ್ದೆಯಾ? ಗೋಡೆಗೆ ಅಂಟಿಸಿಕೊಂಡ ಒಂದು ಸಾಲು ಉಳಿಯುತ್ತಿತ್ತು.

ಮೇಷ್ಟ್ರು ಮಂಚದ ಕೆಳಗಿನಿಂದ ಟವೆಲಿನಲ್ಲಿ ಸುತ್ತಿಟ್ಟ ಕಾರ್ಡುಗಳನ್ನು ತೆಗೆದುಕೊಟ್ಟರು. ಹತ್ತೂ ಒಂಬತ್ತೂ ಈಗಲೂ ಅಂಟಿಕೊಂಡೇ ಇವೆ. ಈಗ ಗಟ್ಟಿಯಾಗಿ ಒಣಗಿವೆ. ಬಿಡಿಸಿದರೆ ಹರಿಯುತ್ತವೆ, ಬಿಡಿಸಲಿಲ್ಲ. ನಾಳೆ ಹಾಗೆಯೇ ಮೇಜಿನ ಮೇಲಿಡುತ್ತೇನೆ.

ನಿನ್ನ ಅತ್ತಿಗೆಗೆ ಊಟದ ಹೊತ್ತಿನಲ್ಲಿ ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿದಳು. "ಹೌದಾ ಅಣ್ಣ ಅಂತ ಕೇಳಿದ್ನಾ?" ಎಂದಳು. ಹೂಂ ಎಂದೆ. ಎದ್ದು ಹೋಗಿ ಮರಿಯ ಕೋಣೆಯ ಬಾಗಿಲು ಹಾಕಿ ಬಂದಳು. ಅಷ್ಟೆ.

ಕ್ಷಮಿಸು ಎಂದು ಬರೆಯಲು ಮೂರು ಕಾಗದ ಹಾಳು ಮಾಡಿದೆ. ಮರಿಯ ಹಾಗೆ. ಅವನಿಗಾದರೆ ಕೊನೆಗೆ ಒಂದು ಸಾಲು ಸಿಗುತ್ತಿತ್ತು.

ಪಾಠ ಒಂದಿದೆ, ಆದರೆ ಅದು ಮೊದಲ ದಿನವೇ ಕಲಿತದ್ದು. ಅಂಟಿಸಿದ ಮೇಲೆ ಒಂದು ಹಗಲು ಬಿಡಬೇಕು.

ಅಣ್ಣ


ಏಪ್ರಿಲ್ 6, ಸಂಜೆ ಏಳು

ಅಣ್ಣನಿಗೆ,

ವಸತಿಗೃಹದವರ ಕೈಯಲ್ಲಿ ಕಳಿಸುತ್ತಿದ್ದೇನೆ. ಎರಡೂ ಪತ್ರ ಓದಿದೆ. ಫೆಬ್ರವರಿಯದ್ದನ್ನು ಎರಡು ಸಲ.

ಕಾರ್ಡು ಅಂಟಿಕೊಂಡದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನಾನೂ ಒಮ್ಮೆ ಚುಕ್ಕೆ ನೋಡದೆ ಪರದೆ ಬೆಳ್ಳಗೆ ಬಿಟ್ಟಿದ್ದೇನೆ. ಮುನ್ನೂರು ಜನ ಶಿಳ್ಳೆ ಹಾಕಿದರು, ಮುಗಿಯಿತು. ನಿನಗೆ ಯಾರೂ ಶಿಳ್ಳೆ ಹಾಕಲಿಲ್ಲ, ಅದು ನಿನ್ನ ಹಣೆಬರಹ.

ಗಂಟೆ ಕೇಳಿಸಿತು, ನೆಮ್ಮದಿಯಾಗಿ ಮಲಗು ಎಂದು ಬರೆದೆಯಲ್ಲ, ನನ್ನ ಸಿಟ್ಟು ಅದರ ಮೇಲೆ. ನಾನು ಮಲಗಿದೆ ಅಣ್ಣ. ಆರು ವಾರ ಚೆನ್ನಾಗಿ ಮಲಗಿದೆ. ಹಗಲು ಎದ್ದು ಕೂತು ಒಬ್ಬ ಮುದುಕನ ಮೇಲೆ ದೂರು ಬರೆದೆ. ಉದ್ದಕಾಲಿನ ಕೈಯಿಂದ ಸಹಿ ಹಾಕಿಸಿದೆ. ಅದನ್ನು ನಾನು ಯಾವ ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಲಿ?

ಮೇಷ್ಟ್ರ ಮನೆಗೆ ಈಗ ಹೋಗುತ್ತಿದ್ದೇನೆ. ಏನು ಹೇಳಬೇಕೋ ಗೊತ್ತಿಲ್ಲ. ಮೆಟ್ಟಿಲು ಹತ್ತಿದ ಮೇಲೆ ತೋಚಿದ್ದು ಹೇಳುತ್ತೇನೆ.

ನಾಳೆ ನೀನು ಹೇಳುವಾಗ ನಾನು ಅಲ್ಲೇ ಇರುತ್ತೇನೆ, ನಿನ್ನ ಪಕ್ಕ ಕೂರುವುದಿಲ್ಲ. ನೀನು ಹೇಳಿದ ಮೇಲೆ ದೂರು ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಮುಗಿದ ಮೇಲೆ ಮೈದಾನಕ್ಕೆ ಬಾ. ಅವನು ಬಿದ್ದ ಜಾಗ ತೋರಿಸು. ಅಲ್ಲಿಂದ ಗೆರೆಯವರೆಗೆ ಎಷ್ಟು ಉಳಿದಿತ್ತು ಎಂದು ನಡೆದು ನೋಡಬೇಕು. ನೀನು ಮಾತಾಡಬೇಡ. ಹೆಜ್ಜೆ ನಾನೇ ಎಣಿಸುತ್ತೇನೆ.

ವಿಚಾರಣೆ ಹತ್ತು ಗಂಟೆಗೆ. ನನ್ನ ರೈಲು ಎರಡೂ ಇಪ್ಪತ್ತಕ್ಕೆ.

ಪುಟ್ಟಿ